ಡಾಕ್ಟರರು ಬೈಠಕ್ಕಿನಿಂದ ಏಳಲಿಲ್ಲ

ಅಕ್ಕನ ಕೂಸಿನ ಎಡಗೈ ಗ್ರಹಣದಿಂದ ಕೆಟ್ಟಿತೋ ಡಾಕ್ಟರರಿಂದ ಕೆಟ್ಟಿತೋ ಎಂಬುದು ಆ ವರ್ಷ ನಮ್ಮ ಮನೆಯ ಚರ್ಚೆಯ ವಿಷಯವಾಗಿತ್ತು. ಕಾಲೇಜಿನ ವಾದಸಭೆಯಲ್ಲಿ ‘ಹೆಂಗಸರಿಗೆ ಮತದಾನದ ಹಕ್ಕು ಬೇಕೇ’, ‘ಯಂತ್ರಗಳಿಂದ ಮನುಷ್ಯನಿಗೆ ಹಿತವೇ’ ಎಂದು ಕೂಗಾಡಿ ಒಂದೆರಡು ಪದಕ ಗೆದ್ದವಳು ನಾನು. ಇಂಥ ವಿಷಯ ಸಿಕ್ಕರೆ ನನಗೆ ಹಬ್ಬವಾಗಬೇಕಿತ್ತು. ಆದರೆ ವಾದಸಭೆಯಲ್ಲಿ ಸೋತವರು ಚಹಾ ಕುಡಿದು ಮನೆಗೆ ಹೋಗುತ್ತಾರೆ. ಇಲ್ಲಿ ಸೋತರೆ ಅಕ್ಕ ತನ್ನ ಮನೆಗೆ ಹೋಗುವ ಹಾಗೇ ಇರಲಿಲ್ಲ.

ಅಕ್ಕನನ್ನು ಕೊಟ್ಟದ್ದು ಹುಬ್ಬಳ್ಳಿಯ ದಾರಿಯ ಉಣಕಲ್ಲಿಗೆ. ಭಾವ ಒಳ್ಳೆಯವರು, ತಾಯಿಗೆ ಎದುರಾಡದಷ್ಟು ಒಳ್ಳೆಯವರು. ಅತ್ತೆಯೂ ಕೆಟ್ಟವರೇನಲ್ಲ, ತಮಗೆ ಗೊತ್ತಿದ್ದ ಸಂಗತಿಗಳ ಬಗ್ಗೆ ಅವರಿಗೆ ಸಂಶಯವಿರಲಿಲ್ಲ, ಅಷ್ಟೇ. ಅಕ್ಕ ಬಸಿರಿದ್ದಾಗ ಒಂದು ಗ್ರಹಣ ಹಿಡಿಯಿತು. ಗ್ರಹಣ ಬಿಡುವ ತನಕ ಬಸಿರಿ ಹೆಂಗಸು ಕೋಣೆಯ ಕತ್ತಲಲ್ಲಿ ಸುಮ್ಮನೆ ಮಲಗಿರಬೇಕು, ಏನನ್ನೂ ಹೆಚ್ಚಬಾರದು, ಕತ್ತರಿಸಬಾರದು. ಹೆಚ್ಚಿದರೆ ಹುಟ್ಟುವ ಕೂಸಿಗೆ ಊನ. ಅಕ್ಕ ಮಲಗಿದ್ದಳು, ಖರೆ. ಆದರೆ ಅವಳ ಹೊಟ್ಟೆ ಮಲಗಲೊಲ್ಲದು. ಕತ್ತಲಲ್ಲೇ ಒಂದು ಸೌತೇಕಾಯಿ ಹೆಚ್ಚಿ, ಉಪ್ಪು ಹಚ್ಚಿಕೊಂಡು ತಿಂದುಬಿಟ್ಟಳು. ಮರುದಿನ ಹಾಸಿಗೆಯ ಕೆಳಗೆ ಅತ್ತೆಗೆ ಸಿಪ್ಪೆ ಸಿಕ್ಕಿತು. ಅವರು ಅದನ್ನು ಎತ್ತಿ ಎಮ್ಮೆಗೆ ಹಾಕಿದರು. ನೆನಪಿಟ್ಟುಕೊಂಡರು.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಲ್ಲ, ಅಕ್ಕ ಧಾರವಾಡಕ್ಕೆ ಬಂದಳು. ಅಪ್ಪ ಸಾಲಿ ಮಾಸ್ತರರು. ಸೂಲಗಿತ್ತಿ ಬೇಡ, ಡಾಕ್ಟರರ ಹೆರಿಗೆ ಮನೆಯೇ ಇರಲಿ ಎಂದರು. ಅವ್ವ ಬೇಡವೆಂದಳು, ನಾನು ಅಪ್ಪನ ಪಕ್ಷ ಹಿಡಿದೆ, ಗೆದ್ದೆವು. ಡಾಕ್ಟರರು ಮುಂಬಯಿಯಲ್ಲಿ ಕಲಿತವರು, ಕೈಗುಣವುಳ್ಳವರೆಂದು ಊರೆಲ್ಲ ಹೊಗಳುತ್ತಿತ್ತು. ಇನ್ನೊಂದು ಸಂಗತಿಯೂ ಊರೆಲ್ಲಕ್ಕೆ ಗೊತ್ತಿತ್ತು. ಅವರಿಗೆ ಗಾಯನದ ಹುಚ್ಚು. ಧಾರವಾಡದಲ್ಲಿ ಎಲ್ಲಿ ಬೈಠಕ್ ನಡೆದರೂ ಮುಂದಿನ ಸಾಲಿನ ಜಮಖಾನದ ಮೇಲೆ ಅವರ ಜಾಗ ಇದ್ದೇ ಇರುತ್ತಿತ್ತು.

ಅಕ್ಕನಿಗೆ ಬೇನೆ ಜೋರಾದದ್ದು ಒಂದು ಸಂಜೆ. ಡಾಕ್ಟರರು ಎರಡು ಓಣಿ ಆಚೆಗಿನ ಒಂದು ವಾಡೆಯಲ್ಲಿ ಗಾಯನ ಕೇಳುತ್ತ ಕೂತಿದ್ದರು. ಹೆರಿಗೆ ಮನೆಯಲ್ಲಿ ನರ್ಸಬಾಯಿ ಒಬ್ಬಳೇ. ಅವಳು ಕಂಪೌಂಡರನನ್ನು ಓಡಿಸಿದಳು. ಅವನು ಹೋದಷ್ಟೇ ಜೋರಾಗಿ ಒಬ್ಬನೇ ತಿರುಗಿ ಬಂದ.

“ಡಾಕ್ಟರ ಎಲ್ಲೋ?” ಎಂದಳು ಅವ್ವ.

“ಬರ್ತಾರಂತರಿ. ರಾಗ ಮುಗೀಲಿ ಅಂತ ಕೈ ಮಾಡಿದ್ರು.”

“ರಾಗ ಮುಗೀಲಿ ಅಂತ ಕೂಸಿಗೆ ನೀ ಹೇಳ್ತೀಯೋ, ನಾ ಹೇಳಲೋ?”

ಕೂಸು ಯಾರ ಮಾತನ್ನೂ ಕೇಳಲಿಲ್ಲ. ತಲೆ ಹೊರಗೆ ಬಂತು, ಭುಜ ಸಿಕ್ಕಿಹಾಕಿಕೊಂಡಿತು. ಆಗ ಬಂದರು ಡಾಕ್ಟರರು. ಜರಿಯ ರುಮಾಲು, ಅತ್ತರಿನ ವಾಸನೆ, ಗಡಿಬಿಡಿಯಲ್ಲಿ ಅರ್ಧ ಮಡಿಚಿದ ತೋಳು. ಕೂಸನ್ನು ಎಳೆದು ತೆಗೆದರು. ಕೂಸು ಓಣಿಗೆ ಕೇಳುವ ಹಾಗೆ ಅತ್ತಿತು, ಅಕ್ಕ ಉಳಿದಳು, ಎಲ್ಲ ಛಲೋ ಆಯಿತು. ಎಡಗೈ ಮಾತ್ರ ಒಣಹಾಕಿದ ಒದ್ದೆ ಅರಿವೆಯ ಹಾಗೆ ಭುಜದಿಂದ ಜೋತುಬಿದ್ದಿತ್ತು.

ಡಾಕ್ಟರರು ಅದನ್ನು ಎತ್ತಿ ನೋಡಿದರು, ಬಿಟ್ಟು ನೋಡಿದರು. “ಇದು ಹೊಟ್ಟ್ಯಾಗಿದ್ದಾಗನ ಹಿಂಗ ಇತ್ರಿ” ಎಂದರು.

ಗಂಡು ಹುಟ್ಟಿದ ಪೇಡೆ ಉಣಕಲ್ಲಿಗೆ ಮುಟ್ಟುವುದಕ್ಕಿಂತ ಮೊದಲೇ ಆ ಮಾತು ಮುಟ್ಟಿತು. ಅತ್ತೆ ಬಂದರು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡರು, ಕೈ ನೋಡಿದರು, ಅಕ್ಕನ ಮುಖ ನೋಡಿದರು.

“ಸೌತಿಕಾಯಿ” ಎಂದರು.

ಆಮೇಲೆ ಅವ್ವನಿಗೆ ಹೇಳಿದರು: “ಮೂರ ತಿಂಗಳಿಗೆ ತೊಟ್ಟಿಲದಾಗ ಹಾಕೂ ದಿವಸ ಬರ್ತೇನಿ. ಕರಕೊಂಡು ಹೋಗೂದು, ಬಿಡೂದು ಆವತ್ತು ನೋಡೂಣು. ನನ್ನ ಮಾತು ಮೀರಿದಾಕಿ ನನ್ನ ಮನ್ಯಾಗ ಹೆಂಗ ಬಾಳ್ವೆ ಮಾಡ್ಯಾಳು?” ಭಾವನಿಗೆ ಬೇರೆ ಹೆಣ್ಣು ನೋಡುವ ಮಾತೂ ನಡೆದಿದೆಯೆಂದು ಹೂ ಮಾರುವವಳ ಬಾಯಿಂದ ಕೇಳಿದೆವು. ಆ ಕಾಲಕ್ಕೆ ಅದಕ್ಕೆ ಅಡ್ಡಿಯೇನೂ ಇರಲಿಲ್ಲ.

ನಾವು ಕೂಸನ್ನು ಮಿಶನ್ನಿನವರ ದವಾಖಾನೆಗೆ ಒಯ್ದೆವು. ಅಲ್ಲಿಯ ಡಾಕ್ಟರಬಾಯಿ ಕೂಸಿನ ಕುತ್ತಿಗೆ, ಭುಜ, ಬೆರಳು ಎಲ್ಲ ನೋಡಿ, ಇದು ಹೊಟ್ಟೆಯಲ್ಲಿ ಆದದ್ದಲ್ಲ, ಹೆರಿಗೆಯ ಹೊತ್ತಿಗೆ ನರ ಜಗ್ಗಿದ್ದರಿಂದ ಆದದ್ದು ಎಂದಳು. ತಿಕ್ಕುವುದು ಹೇಗೆ, ಕೈ ಎತ್ತಿ ಕಟ್ಟುವುದು ಹೇಗೆ ತೋರಿಸಿಕೊಟ್ಟಳು. ಬಹಳ ಕೂಸುಗಳಿಗೆ ಮೆಲ್ಲಗೆ ಕೈ ತಿರುಗಿ ಬರುತ್ತದೆ, ಇದಕ್ಕೂ ಬಂದೀತು ಎಂದಳು. ನಾನು ಕುಣಿದಾಡಿದೆ. ಅದನ್ನು ಉಣಕಲ್ಲಿಗೆ ಹೇಳಿ ಕಳಿಸಿದೆವು. ಅತ್ತೆಯ ಉತ್ತರ ಬಂತು: “ಆಕಿ ನಮ್ಮ ದೇವರನ್ನ ನಂಬೂದಿಲ್ಲ, ಗ್ರಹಣಾ ಹೆಂಗ ನಂಬ್ಯಾಳು?” ವಾದ ತಪ್ಪು. ಆದರೆ ಅದರ ಕಟ್ಟು ಬಿಗಿಯಾಗಿತ್ತು, ಅದು ನನಗೆ ಇನ್ನೂ ಸಿಟ್ಟು ತರಿಸಿತು.

ಹಾಗಾಗಿ ನಾನು ಮಾಮಾನ ಕಡೆ ಹೋದೆ. ಮಾಮಾ ಅಂದರೆ ಅವ್ವನ ತಮ್ಮ, ವಕೀಲ. ಎಲೆ ಅಡಿಕೆ ಹಾಕಿಕೊಂಡು, ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕೇಳುವುದು ಅವನ ರೂಢಿ. ಕಕ್ಷಿದಾರರು ಮಲಗಿದನೇನೋ ಎಂದು ತಿಳಿಯುತ್ತಿದ್ದರು. ಕೂಸನ್ನು ಎತ್ತಿಕೊಂಡು ಅಕ್ಕನೂ ಬಂದಿದ್ದಳು.

“ಡಾಕ್ಟರನ್ನ ಏನೇನ ಮಾಡಬಹುದು ಹೇಳು ಮಾಮಾ” ಎಂದೆ.

“ಕಾಯ್ದೆ ಪ್ರಕಾರನೋ, ನಿನ್ನ ಮನಸ್ಸಿನ ಪ್ರಕಾರನೋ?”

“ಮೊದಲ ಕಾಯ್ದೆ.”

“ಫೌಜದಾರಿ ಮಾಡಬಹುದು. ಬೇಪರ್ವಾ ಮಾಡಿ ಕೂಸಿಗೆ ಗಾಯ ಮಾಡಿದಾ ಅಂತ ಮ್ಯಾಜಿಸ್ಟ್ರೇಟನ ಮುಂದ ಫಿರ್ಯಾದಿ. ಆದ್ರ ತಡಾ ಮಾಡಿ ಬಂದಾ ಅಂದಕೂಡಲೆ ಡಾಕ್ಟರಗ ಸೆರಿಮನಿ ತೋರಸೂದಿಲ್ಲ ತಂಗಿ. ಭಾಳ ಬೇಪರ್ವಾ ಅಂತ ಸಿದ್ಧ ಆಗಬೇಕು. ಇಲ್ಲಾ, ಮುಂಬಯ್ಯಾಗ ಡಾಕ್ಟರ ಮಂದಿ ಹೆಸರು ದಾಖಲ ಮಾಡ್ಕೊಳ್ಳೂ ಮಂಡಳಿ ಐತಿ. ಅಲ್ಲೆ ಬರದು ಹಾಕಿದ್ರ ಅವರ ವಿಚಾರಣೆ ಮಾಡ್ತಾರ. ಅಲ್ಲಿ ಕೂಡವ್ರೂ ಡಾಕ್ಟರ, ನೆನಪಿಟ್ಟುಕೋ.”

“ಮತ್ತ?”

“ಮತ್ತ ದಿವಾಣಿ. ನುಕ್ಸಾನಿ ಕೊಡು ಅಂತ ದಾವೆ. ನಿಮ್ಮ ಅಕ್ಕಂದು ಒಂದು, ಕೂಸಿಂದು ಒಂದು. ಅಕ್ಕಂದು ವರ್ಷದಾಗ ಹಾಕಬೇಕು. ಕೂಸಿಂದು ಈಗ ಹಾಕೂದಾದ್ರ ಹಿರ್‍ಯಾರೊಬ್ಬರು ಅದರ ಪರವಾಗಿ ಹಾಕಬೇಕು. ಹಾಕಲಿಲ್ಲಾ ಅಂದ್ರೂ ಅದರ ಹಕ್ಕು ಸಾಯೂದಿಲ್ಲ. ಅಂವ ಪ್ರಾಯಕ್ಕ ಬರೋತನಕ ಕಾಯ್ದೆ ದಾರಿ ಕಾಯತೈತಿ. ಮೀಸಿ ತಿರುವಿಕೋತ ಬಂದು ತಾನ ಹಾಕಬಹುದು.”

ಅಕ್ಕ ಕೂಸಿನ ಮೇಲ್ದುಟಿ ನೋಡಿ ನಕ್ಕಳು. ಹೆತ್ತ ಮೇಲೆ ಅವಳು ಬಾಯಿ ತುಂಬ ನಕ್ಕದ್ದನ್ನು ನಾನು ನೋಡಿದ್ದು ಆವಾಗಲೇ.

“ಮಾಮಾ, ಇದರಾಗ ಯಾವುದು ನಮ್ಮ ಅತ್ತೀಗೆ ತಿಳೀತೈತಿ?” ಎಂದಳು.

ಮಾಮಾ ಕಣ್ಣು ತೆಗೆದ. “ಯಾವುದೂ ಇಲ್ಲ. ದಾವೆ ಮುಗಿಯೂದ್ರೊಳಗ ನಿಮ್ಮ ಅತ್ತಿ ನಿನ್ನ ಗಂಡಗ ಇನ್ನೊಂದು ಲಗ್ನಾ ಮಾಡಿ ಆ ಮೊಮ್ಮಕ್ಕಳನ್ನೂ ಆಡಸ್ತಿರತಾಳ. ಮ್ಯಾಲೆ ಡಾಕ್ಟರನ ವಕೀಲ ನಿನ್ನ ಕಟಕಟ್ಯಾಗ ನಿಲ್ಲಿಸಿ ಸೌತಿಕಾಯಿನ ಕೇಳ್ತಾನ.”

“ಹಂಗಾರ ನನಗ ಅವರ ರೊಕ್ಕಾ ಬ್ಯಾಡ. ಹೊಟ್ಟ್ಯಾಗ ಆಗಿದ್ದಲ್ಲ, ನನ್ನ ಕೈಯಾಗ ಆಗಿದ್ದು ಅಂತ ಅತ್ತಿ ಮುಂದ ಒಂದ ಮಾತು ಹೇಳಲಿ. ಹೇಳಿದ್ರ ನನ್ನ ದಾವೆ ನಾ ಬಿಡ್ತೇನಿ.”

“ಎಲ್ಲಾದ್ರಕಿಂತ ತುಟ್ಟೀದು ಕೇಳಾಕತ್ತಿ” ಎಂದ ಮಾಮಾ. “ರೊಕ್ಕಾ ಕೊಟ್ಟಾರು, ಆ ಮಾತು ಕೊಡೂದಿಲ್ಲ. ಹೇಳಿದ್ರ ಅದ ಸಾಕ್ಷಿ ಆಗತೈತಿ. ಕೂಸಿನ ದಾವೆ ಹಂಗ ಉಳೀತೈತೆಲ್ಲಾ?”

“ಕೂಸಿಂದು ಕೂಸಿಂದು. ಅದನ್ನ ಬಿಡಾಕ ನಾ ಯಾರು?”

ನೋಟೀಸು ಹೋಯಿತು. ಸಾಕ್ಷಿ ಗಟ್ಟಿಯಿದ್ದರೆ ಡಾಕ್ಟರರು ಮೆತ್ತಗಾಗುತ್ತಾರೆ ಎಂದು ಮಾಮಾ ನನ್ನನ್ನು ಸಾಕ್ಷಿ ಹುಡುಕಲು ಬಿಟ್ಟ. ಇದಕ್ಕಿಂತ ಸುಲಭದ ಕೆಲಸ ಇಲ್ಲ ಎಂದುಕೊಂಡೆ. ವಾಡೆ ತುಂಬ ಜನ ಕೂತಿದ್ದರು, ಕಂಪೌಂಡರ ಬಂದದ್ದನ್ನು ಎಲ್ಲರೂ ನೋಡಿದ್ದರು. ಆದರೆ ನಾನು ಹುಡುಕಿ ಹೋದದ್ದು ಧಾರವಾಡದವರ ಸಾಕ್ಷಿಯನ್ನು! ಒಬ್ಬೊಬ್ಬರ ಬಾಗಿಲಿಗೆ ಹೋಗಿ “ಆವತ್ತ ಏನಾತ್ರಿ?” ಎಂದು ಕೇಳಿದರೆ ಅವರು ಕಣ್ಣು ಮುಚ್ಚಿ, ಕೈ ಎತ್ತಿ, ಆವತ್ತು ಏನಾಯಿತೆಂದು ಹಾಡಿ ತೋರಿಸುತ್ತಿದ್ದರು.

ಡಾಕ್ಟರರ ಮಗ್ಗುಲಲ್ಲೇ ಕೂತಿದ್ದವರು ನಮ್ಮ ಓಣಿಯ ಪೆನ್ಶನ್ ಆದ ಹೆಡ್‌ಮಾಸ್ತರರು. ಸತ್ಯವಂತರು. ಅವರನ್ನೇ ಹಿಡಿದೆ.

“ಕಂಪೌಂಡರ ಬಂದು ಡಾಕ್ಟರ ಕಿವ್ಯಾಗ ಹೇಳಿದ್ದು ನೋಡಿದ್ರೇನ್ರಿ, ಸರ?”

“ನೋಡಿದೆ. ‘ಹೆರಿಗಿ ಕಠಿಣ ಐತ್ರಿ, ಲಗೂ ಬರ್ರಿ’ ಅಂದಾ. ಇವರು ಹಿಂಗ ಅಂಗೈ ಎತ್ತಿದ್ರು.”

ಇಷ್ಟು ಸಾಕಿತ್ತು. “ಅಂದ್ರ, ಗೊತ್ತಿದ್ದೂ ಏಳಲಿಲ್ಲ.”

“ಏಳೂದ? ಆವಾಗ?” ಹೆಡ್‌ಮಾಸ್ತರರು ನನ್ನನ್ನು ಪರೀಕ್ಷೆಯಲ್ಲಿ ನಾಪಾಸಾದ ಹುಡುಗಿಯ ಹಾಗೆ ನೋಡಿದರು. “ಯವ್ವಾ, ಮಾರವಾ ರಾಗ ನಡದಿತ್ತು. ಧೈವತದ ಮ್ಯಾಲೆ ನಿಂತಾರ, ರಿಷಭಕ್ಕ ಬಂದಾರ, ಷಡ್ಜಕ್ಕ ಬರವಲ್ಲರು! ಬಂದ್ರು ಅನ್ನೂದ್ರಾಗ ಮತ್ತ ಹೊಳ್ಳಿದ್ರು. ಮಂದಿ ಉಸರ ಬಿಟ್ಟಿರಲಿಲ್ಲ. ಮುಂದಿನ ಸಾಲಿನ್ಯಾಗಿಂದ ಒಬ್ಬ ಎದ್ದು ಹೋದ್ರ ಹಾಡವರ ಮಾರಿಗೆ ಹೊಡದಂಗ ಅಲ್ಲೇನು? ಷಡ್ಜಾ ಬರೋತನಕ ಯಾರ ಏಳ್ತಾರ?”

“ಅಲ್ಲೆ ನಮ್ಮ ಅಕ್ಕನ ಕೂಸೂ ಬರಾಕ ನಿಂತಿತ್ತಲ್ಲರಿ, ಸರ.”

ಹಾಡು ತೋರಿಸಲು ಎತ್ತಿದ್ದ ಕೈಯನ್ನು ಅವರು ಕೆಳಗಿಳಿಸಿದರು. “ಅದು ಖರೇ” ಎಂದರು.

“ಕೋರ್ಟಿನ್ಯಾಗ ಹೇಳ್ತೀರೇನ್ರಿ?”

“ಹೇಳ್ತೇನಿ. ಕಂಪೌಂಡರ ಬಂದಿದ್ದಾ, ಇವರು ಏಳಲಿಲ್ಲ, ಎರಡೂ ಹೇಳ್ತೇನಿ. ಆದ್ರ ಅಷ್ಟರಾಗ ಎದ್ದು ಹೋಗೂದು ಬೈಠಕ್ಕಿನ ರೀತಿ ಅಲ್ಲ ಅಂತನೂ ಹೇಳಾಂವ. ಅರ್ಧಾ ಖರೇ ಹೇಳಾಕ ನನಗ ಬರೂದಿಲ್ಲ.”

ನಾಲ್ಕು ಮನೆ ತಿರುಗಿದರೂ ಇದೇ ಕಥೆ. ಎಲ್ಲರೂ ನನ್ನ ಸಾಕ್ಷಿಗಳು, ಎಲ್ಲರೂ ಡಾಕ್ಟರರ ಪಕ್ಷ. ಒಬ್ಬರಂತೂ, ಕಂಪೌಂಡರ ತಬಲಾದ ತಾಳ ಸುತ್ತಿ ಬಂದು ಬೀಳುವ ಸಮಕ್ಕೆ ಸರಿಯಾಗಿ ಬಂದು ಅಡ್ಡ ನಿಂತದ್ದೇ ಆವತ್ತಿನ ದೊಡ್ಡ ಅನ್ಯಾಯ ಎಂದರು. ಇದನ್ನೆಲ್ಲ ಮನೆಗೆ ಬಂದು ಅಭಿನಯಿಸಿ ತೋರಿಸಿದರೆ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವ್ವ ಮಾತ್ರ ಒಲೆಯ ಮುಂದೆ ಕೂತು ಇಡೀ ಗಾಯನಲೋಕವನ್ನು ಬೈದಳು.

ನೋಟೀಸಿಗೆ ಉತ್ತರ ಬರಲಿಲ್ಲ. ತೊಟ್ಟಿಲ ದಿವಸ ಹತ್ತಿರ ಬಂತು. ಅಕ್ಕ ಒಂದು ಮುಂಜಾನೆ ಕೂಸಿಗೆ ತಲೆ, ಮೈ ಮುಚ್ಚುವ ಕುಂಚಿಗೆ ಕಟ್ಟಿ, “ನಡಿ, ನಾವ ಹೋಗೂಣು” ಎಂದಳು.

ಡಾಕ್ಟರರು ನಮ್ಮನ್ನು ಕಂಡು ಎದ್ದು ನಿಂತರು. ಮೇಜಿನ ಮೇಲೆ ನೋಟೀಸು ಇತ್ತು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಭಾಷಣ ಸುರು ಮಾಡಿದೆ. ಹೆರಿಗೆ ಮನೆಯ ಜವಾಬ್ದಾರಿ ಒಪ್ಪಿಕೊಂಡ ಮೇಲೆ ಕರೆ ಬಂದಾಗ ಏಳಬೇಕಾದದ್ದು ಅವರ ಕರ್ತವ್ಯ, ಏಳಲಿಲ್ಲ, ಅದರಿಂದ ಗಡಿಬಿಡಿ, ಗಡಿಬಿಡಿಯಿಂದ ಈ ಕೈ. ಅವರು ಪೂರ್ತಿ ಕೇಳಿದರು.

“ಎಲ್ಲಾ ಖರೇ ಇರಲಿ” ಎಂದರು. “ನಾ ಮೊದಲ ಬಂದಿದ್ರ ಭುಜಾ ಸಿಕ್ಕಿ ಬೀಳತಿದ್ದಿಲ್ಲ ಅಂತ ನಿನಗ ಹೆಂಗ ಗೊತ್ತು? ದೊಡ್ಡ ಕೂಸು. ಲಗೂ ಬಂದಾಗೂ ಹಿಂಗ ಆಗಿದ್ದು ಐತಿ.”

ಪ್ರಶ್ನೆ ಸರಿಯಾದ ಜಾಗಕ್ಕೇ ಬಿದ್ದಿತ್ತು. ಯಾವ ಕೋರ್ಟಿನಲ್ಲಾದರೂ ನಾನು ಅಲ್ಲೇ ನಿಲ್ಲಬೇಕಾಗುತ್ತಿತ್ತು, ನಿಂತೇಬಿಟ್ಟೆ. ಹೆಡ್‌ಮಾಸ್ತರರ ಮಾತು ಹೇಳಲೇ, ಮಿಶನ್ನಿನ ಡಾಕ್ಟರಬಾಯಿಯ ಮಾತು ಹೇಳಲೇ ಎಂದು ತಡಕಾಡುತ್ತಿರುವಾಗ ಅಕ್ಕ ಕುಂಚಿಗೆ ಬಿಚ್ಚಿ ಕೂಸನ್ನು ಮೇಜಿನ ಮೇಲೆ, ನೋಟೀಸಿನ ಪಕ್ಕಕ್ಕೆ ಮಲಗಿಸಿದಳು.

“ಡಾಕ್ಟರ, ಅದು ಆಕಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಹೊಟ್ಟ್ಯಾಗ ಆಗಿದ್ದಲ್ಲ ಅನ್ನೂದು ನಿಮಗ ಗೊತ್ತೈತಿ. ಗೊತ್ತಿದ್ದಷ್ಟ ಹೇಳ್ರಿ. ನನ್ನ ಬಾಳ್ವೆ ಅಷ್ಟರ ಮ್ಯಾಲೆ ನಿಂತೈತಿ.”

ಡಾಕ್ಟರರು ಅಭ್ಯಾಸಬಲದಿಂದಲೋ ಏನೋ, ಬೆರಳನ್ನು ಕೂಸಿನ ಎಡ ಅಂಗೈಗೆ ತಾಗಿಸಿದರು. ಭುಜ ಏಳದಿದ್ದರೂ ಬೆರಳುಗಳಲ್ಲಿ ಜೀವ ಇತ್ತು. ಕೂಸು ಅವರ ಬೆರಳನ್ನು ಹಿಡಿಯಿತು, ಬಿಡಲಿಲ್ಲ. ಅವರು ಬಿಡಿಸಿಕೊಳ್ಳಲೂ ಇಲ್ಲ.

“ದಿನಾ ತಿಕ್ಕತೀರೇನು?” ಎಂದರು ಕಡೆಗೆ.

“ತಿಕ್ಕತೇನ್ರಿ.”

“ಛಲೋ. ಉಳದದ್ದು ನಮ್ಮ ವಕೀಲರನ್ನ ಕೇಳಬೇಕು.”

ಹೊರಗೆ ಬಂದ ಮೇಲೆ ನಾನು ಸೋತೆವು ಎಂದೆ. “ನೀ ಸೋತಿ” ಎಂದಳು ಅಕ್ಕ, “ನಾ ಇನ್ನೂ ಇಲ್ಲ.” ದಾರಿಯಲ್ಲಿ ಪೇರಲಹಣ್ಣು ಕೊಂಡು ತಿಂದೆವು.

ತೊಟ್ಟಿಲ ದಿವಸ ಅತ್ತೆ ಐದು ಮಂದಿ ಹೆಂಗಸರ ದಂಡು ಕಟ್ಟಿಕೊಂಡು ಬಂದರು. ಗುಗ್ಗರಿ ಬೆಂದಿತ್ತು, ಹೋಳಿಗೆಯಾಗಿತ್ತು, ಮಾಮಾ ಎಂದಿನಂತೆ ಗೋಡೆಗೆ ಒರಗಿದ್ದ. ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂತಿದ್ದರು. ಹೆರಿಗೆ ಮಾಡಿಸಿದವರನ್ನು ತೊಟ್ಟಿಲಿಗೆ ಕರೆಯುವುದು ನಮ್ಮಲ್ಲಿ ಪದ್ಧತಿ, ಡಾಕ್ಟರರಿಗೂ ಕರೆ ಹೋಗಿತ್ತು. ಯಾರೂ ಅವರ ದಾರಿ ನೋಡುತ್ತಿರಲಿಲ್ಲ. ಅತ್ತೆಯ ದಂಡಿನವರೊಬ್ಬರು ಕುಂಚಿಗೆ ಸರಿಸಿ ಕೈ ನೋಡಿ “ಅಯ್ಯ, ಪಾಪ, ಗ್ರಹಣದ್ದು” ಎಂದರು. ನಾನು ಸುಮ್ಮನಿರಬೇಕಿತ್ತು.

“ಸೌತಿಕಾಯಿ ಹೆಚ್ಚಿದ್ರ ಕೈಯ ಯಾಕ ಹೋಗಬೇಕು? ಕಾಲ ಯಾಕ ಹೋಗಲಿಲ್ಲ?” ಎಂದೆ.

“ನೋಡ್ರವಾ, ಕಾಲೇಜ ಕಲತದ್ದು!” ಎಂದರು ಅತ್ತೆ. “ಕಾಲೂ ಹೋಗಬೇಕಿತ್ತು ಅನ್ನಾಕತ್ತಾಳ!” ದಂಡೆಲ್ಲ ನಕ್ಕಿತು. ನಿರ್ಣಾಯಕರಿದ್ದಿದ್ದರೆ ಅವರೂ ನಗುತ್ತಿದ್ದರು.

ಆಗ ಬಾಗಿಲಲ್ಲಿ ಕೆಮ್ಮಿದ ಸಪ್ಪಳಾಯಿತು. ಡಾಕ್ಟರರು. ಒಬ್ಬರೇ, ಬರಿಗಾಲಲ್ಲಿ, ಕೈಯಲ್ಲಿ ಕೂಸಿಗೊಂದು ಬೆಳ್ಳಿಯ ಗಿಲಿಗಿಲಿ. ಗಂಡಸರ ಸಾಲಿಗೆ ಹೋಗದೆ ನೆಟ್ಟಗೆ ಅತ್ತೆಯ ಮುಂದೆ ಬಂದು ನಿಂತರು.

“ತಾಯಿ, ಇದನ್ನ ಹೇಳಬ್ಯಾಡ ಅಂತ ನಮ್ಮ ವಕೀಲರು ಹೇಳ್ಯಾರ” ಎಂದು ಸುರು ಮಾಡಿದರು. ಗೋಡೆಯ ಕಡೆ ಮಾಮಾನ ಎರಡೂ ಕಣ್ಣು ತೆರೆದವು. “ಆದ್ರ ಕೂಸಿನ ಕೈ ಹೊಟ್ಟ್ಯಾಗ ಕೆಟ್ಟಿದ್ದಲ್ಲ. ಹೊರಗ ಬರೂವಾಗ ನನ್ನ ಕೈಯಾಗ ಆತು. ಹೊಟ್ಟ್ಯಾಗಿದ್ದಾಗ ಹಿಂಗ ಇತ್ತು ಅಂತ ನಾ ಅಂದದ್ದು ಸುಳ್ಳು. ನಿಮ್ಮ ಸೊಸೀದೇನೂ ತಪ್ಪಿಲ್ಲ.”

ಅತ್ತೆ ಡಾಕ್ಟರರನ್ನು ಮೇಲಿನಿಂದ ಕೆಳಗೆ ನೋಡಿದರು.

“ಹೊರಗ ಬರೂವಾಗ ಯಾಕ ಆತು?”

“ತಡಾ ಆತ್ರಿ. ಗಡಿಬಿಡಿ ಮಾಡಿದೆ.”

“ಯಾಕ ತಡಾ ಆತು?”

ಇಂಥ ಪಾಟೀ ಸವಾಲನ್ನು ನಾನು ಯಾವ ವಾದಸಭೆಯಲ್ಲೂ ಕೇಳಿರಲಿಲ್ಲ. ಒಂದು ಶಬ್ದ ಹೆಚ್ಚಿಲ್ಲ.

“ಗಾಯನಕ್ಕ ಕೂತಿದ್ದೆ. ರಾಗ ಮುಗಿದಿರಲಿಲ್ಲ.”

“ರಾಗ!” ಅತ್ತೆ ಎದ್ದು ನಿಂತರು. “ನನ್ನ ಮೊಮ್ಮಗ ಬಾಗಲದಾಗ ಸಿಕ್ಕು ಒದ್ದಾಡಾಕತ್ತಾನ, ನೀವು ರಾಗ ಕೇಳಾಕತ್ತೀರಿ? ಹಾಡಾಂವ ನಾಳೆ ಹಾಡತಿದ್ದಿಲ್ಲಾ? ಅವನ ಗಂಟಲಕ್ಕ ನಾಳೆ ಅನ್ನೂದು ಇದ್ದಿಲ್ಲಾ?” ಆ ಪಡಸಾಲೆಯಲ್ಲಿ, ಇಡೀ ಧಾರವಾಡದ ರಸಿಕರ ಪರವಾಗಿ ಒಬ್ಬಂಟಿ ನಿಂತು ಡಾಕ್ಟರರು ಬೈಸಿಕೊಂಡರು. ಹೆಡ್‌ಮಾಸ್ತರರು ಗಂಡಸರ ಸಾಲಿನಲ್ಲಿ ತಲೆ ತಗ್ಗಿಸಿ ಗುಗ್ಗರಿ ಎಣಿಸುತ್ತಿದ್ದರು. ಬೈದು ಮುಗಿದ ಮೇಲೆ ಅತ್ತೆ ಮಾಮಾನ ಕಡೆ ತಿರುಗಿದರು. “ವಕೀಲರ, ಇವನ ಮ್ಯಾಲೆ ಯಾವ ಕಲಮು ಹಾಕಬೇಕು? ಲಗೂ ಹೇಳ್ರಿ!”

“ನಿಮ್ಮ ಸೊಸಿ ತನ್ನ ದಾವೆ ಬಿಡ್ತೇನಿ ಅಂದಾಳ್ರಿ” ಎಂದ ಮಾಮಾ.

“ಆಕಿ ಬಿಡಲಿ, ಆಕಿ ಮೆತ್ತಗ. ನನ್ನ ಮೊಮ್ಮಗಂದು?”

“ಅಂವಂದು ಮೀಸಿ ಬರೋತನಕ ಐತ್ರಿ.”

ಅತ್ತೆ ಕೂಸಿನ ಮುಖ ನೋಡಿ ಲೆಕ್ಕ ಹಾಕಿದರು. ಆಮೇಲೆ ಡಾಕ್ಟರರಿಗೆ, “ಹಂಗಾರ ಮೀಸಿ ಬರೂದ್ರೊಳಗ ಕೈ ಎತ್ತಿಸಿ ಕೊಡ್ರಿ. ಎತ್ತಲಿಲ್ಲಾ ಅಂದ್ರ ಅಂವ ಬರ್ತಾನ, ಹಿಂದ ನಾ ಬರ್ತೇನಿ” ಎಂದರು. ಅಷ್ಟಾದ ಮೇಲೆ, ಊಟ ಮಾಡದೆ ಹೋಗಕೂಡದೆಂದು ಅವರೇ ಮಣೆ ಹಾಕಿಸಿದರು. ಡಾಕ್ಟರರಿಗೆ ಎರಡು ಹೋಳಿಗೆ ಹೆಚ್ಚೇ ಬಿದ್ದವು, ಬೈಗುಳದ ನಡುನಡುವೆ.

ನಾನು ಅಂದುಕೊಂಡಿದ್ದ ನ್ಯಾಯ ಇದಲ್ಲ. ಕೋರ್ಟು ಇಲ್ಲ, ತೀರ್ಪು ಇಲ್ಲ, ನಾನು ಆಡಬೇಕಿದ್ದ ಮಾತುಗಳೆಲ್ಲ ಹಾಗೇ ಉಳಿದವು. ಬೇರೆ ಊರಿನಲ್ಲಿ ಬೇರೆ ಡಾಕ್ಟರ ಇದ್ದಿದ್ದರೆ ಬಾಗಿಲಿಗೇ ಬರುತ್ತಿರಲಿಲ್ಲ, ಆಗ ದಾವೆಯೇ ಗತಿ ಎಂದು ಈಗಲೂ ವಾದಿಸುತ್ತೇನೆ. ಮಾಮಾ ಒಪ್ಪುತ್ತಾನೆ. ಆದರೆ ನೋಟೀಸು ಇಲ್ಲದಿದ್ದರೆ ಈ ಡಾಕ್ಟರರೂ ಬರುತ್ತಿರಲಿಲ್ಲ ಎಂದು ಅವನು, ಕೂಸು ಬೆರಳು ಹಿಡಿಯದಿದ್ದರೆ ಬರುತ್ತಿರಲಿಲ್ಲ ಎಂದು ಅಕ್ಕ. ಅದು ಇನ್ನೂ ತೀರ್ಮಾನವಾಗಿಲ್ಲ.

ಅಕ್ಕನನ್ನು ಕಳಿಸಿಕೊಟ್ಟ ದಿನ ನಾನು ಸರ್ವೀಸ್ ಮೋಟಾರಿನ ತನಕ ಹೋಗಿದ್ದೆ. ಅಷ್ಟರಲ್ಲಿ ಕೂಸಿನ ಎಡಗೈ ಮೊಳಕೈಯಲ್ಲಿ ಮಡಚಲು ಕಲಿತಿತ್ತು, ಭುಜ ಇನ್ನೂ ಸೋಮಾರಿ. ಅಕ್ಕ ಹಸಿರು ಇಳಕಲ್ ಸೀರೆ ಉಟ್ಟು ಕಿಟಕಿಯ ಪಕ್ಕ ಕೂತಿದ್ದಳು, ಅತ್ತೆಯ ತೊಡೆಯ ಮೇಲೆ ಕೂಸು. ಮೋಟಾರು ಬಿಡುವ ಮೊದಲು ಎದುರಿಗೆ ಕೂತ ಗುರುತಿಲ್ಲದ ಮುದುಕಿಯೊಬ್ಬಳು ಬಾಗಿ, “ಕೈ ಹಿಂಗ್ಯಾಕವಾ? ಗ್ರಹಣದಾಗ ಏನರ ಹೆಚ್ಚಿದ್ಲೇನು ತಾಯಿ?” ಎಂದಳು.

ಅಕ್ಕ ನನ್ನ ಕಡೆ ನೋಡಿದಳು. ನಾನು ಕಿಟಕಿಯ ಸರಳು ಹಿಡಿದು ನಿಂತೆ.

“ಹೆಚ್ಚಿದ್ಲು, ಸೌತಿಕಾಯಿ” ಎಂದರು ಅತ್ತೆ. “ಅದಕ್ಕೇನಾತು? ಅವತ್ತ ನಮ್ಮ ಎಮ್ಮಿನೂ ಗಬ್ಬ ಇತ್ತು. ಗ್ರಹಣಾ ಹಿಡದಿತ್ತು ಅಂತ ಬಾಯಿ ಕಟ್ಟಿತ್ತೇನು? ಕಣಕಿ ಮೇವು ಕಡಕೊಂಡ ನಿಂತಿತ್ತು. ಕರಾ ನೋಡಬಾ ಹೆಂಗ ಜಿಗದಾಡತೈತಿ! ನಮ್ಮ ಕೂಸಿನ ಕೈ ಡಾಕ್ಟರ ಜಗ್ಗಿದ್ದವಾ. ಅಂವಾ ತಾನ ಬಂದು ಒಪ್ಪಿಕೊಂಡಾನ, ಮಂದ್ಯಾಗ.”

ಮುದುಕಿ ಇನ್ನೇನೋ ಕೇಳಿದಳು, ಅತ್ತೆ ಇನ್ನೂ ಜೋರಾಗಿ ಉತ್ತರ ಕೊಡುತ್ತಿದ್ದರು. ಮೋಟಾರು ಹುಬ್ಬಳ್ಳಿಯ ರಸ್ತೆ ಹಿಡಿಯಿತು. ಅಕ್ಕ ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸಿದಳು, ನನಗೆ ಕಾಣುವ ತನಕ ಬೀಸಿದಳು.